ಒಳ್ಳೆಯ ಗಾಳಿಯ ಊರಲ್ಲಿ ಉಬ್ಬಸ ಯಾಕೆ?

ಬೆಂಗಳೂರಿನವರು ಚಿಕ್ಕಮಗಳೂರಿಗೆ ಬರುವುದೇ ಇಲ್ಲಿ ಒಳ್ಳೆಯ ಗಾಳಿ ಸಿಗುತ್ತದೆಂದು. ಆದರೆ ಆರಿದ್ರಾ ಮಳೆ ಹಿಡಿದ ಮೇಲೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಯಾವುದಾದರೂ ಮಕ್ಕಳ ಕ್ಲಿನಿಕ್ಕಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ಕಾಣುವ ಚಿತ್ರವೇ ಬೇರೆ. ಎದೆ ಸುಂಯ್‌ಗುಡುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸರದಿ ಕಾಯುವ ತಾಯಂದಿರು, ಮೂಲೆಯಲ್ಲಿ ಬಿಡುವಿಲ್ಲದೆ ಓಡುವ ನೆಬ್ಯುಲೈಸರ್. ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಕಣ್ಣುರಿ, ಮೈಮೇಲೆ ದದ್ದು ಎನ್ನುವ ದೊಡ್ಡವರೂ ಕಡಿಮೆಯಿಲ್ಲ. "ನಮ್ಮ ಕಾಲದಲ್ಲಿ ಈ ಅಲರ್ಜಿ ಎಲ್ಲಿತ್ತು?" ಎಂದು ಮನೆಯ ಹಿರಿಯರು ಕೇಳುತ್ತಾರೆ. ಅದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ.

ಉತ್ತರಗಳು ಊರಿಗೊಂದರಂತೆ ಸಿಗುತ್ತವೆ. ಕಾಫಿ ಹೂವಿನ ಕಾಲದಲ್ಲಿ ಹೂವಿನ ಮೇಲೆ ತಪ್ಪು, ಕಡೂರು, ಅರಸೀಕೆರೆ ಕಡೆ ಕಾಂಗ್ರೆಸ್ ಗಿಡದ ಮೇಲೆ, ಮಳೆಗಾಲದಲ್ಲಿ ಥಂಡಿಯ ಮೇಲೆ, ಮನೆಯೊಳಗೆ ಮೊಸರು, ಬಾಳೆಹಣ್ಣಿನ ಮೇಲೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಉಬ್ಬಸ ಎಬ್ಬಿಸುತ್ತವೆ. ಆದರೆ ಹೆಚ್ಚಿನವು ಹೊಸವಲ್ಲ. ಕಾಫಿ ಈ ಬೆಟ್ಟಗಳಲ್ಲಿ ತಲೆಮಾರುಗಳಿಂದ ಹೂ ಬಿಡುತ್ತಿದೆ, ಮಳೆ ಅದಕ್ಕೂ ಮೊದಲಿನಿಂದ ಸುರಿಯುತ್ತಿದೆ. ಮೊದಲಿನಿಂದ ಇದ್ದದ್ದರ ಮೇಲೆ ಈಚಿನ ಏರಿಕೆಯ ಹೊಣೆ ಹೊರಿಸಲಾಗದು. ನಾವು ಇಲ್ಲಿ ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದೇವೆ. ಇವತ್ತು ಈ ಮಗುವಿಗೆ ಉಬ್ಬಸ ಎಬ್ಬಿಸಿದ್ದು ಯಾವುದು ಎಂಬುದು ಒಂದು. ಅಷ್ಟಕ್ಕೇ ಕೆರಳುವಂಥ ದೇಹ ಈ ಮಗುವಿಗೆ ಬಂದದ್ದು ಹೇಗೆ ಎಂಬುದು ಇನ್ನೊಂದು. ಬೇಸಿಗೆಯಲ್ಲಿ ಬಾಬಾಬುಡನ್‌ಗಿರಿಯ ಹುಲ್ಲುಗಾವಲಿಗೆ ಬೆಂಕಿ ಬಿದ್ದರೆ ಕಿಡಿ ಯಾರು ಹಾಕಿದರು ಎಂದು ಹುಡುಕುತ್ತೇವೆ. ಹುಲ್ಲು ಹಸಿಯಾಗಿದ್ದರೆ ಆ ಕಿಡಿ ಬಿದ್ದಲ್ಲೇ ಆರುತ್ತಿತ್ತು. ಅಲರ್ಜಿ ಯಾಕೆ ಹೆಚ್ಚಿತು ಎಂದು ಕೇಳುವವರು ಹುಲ್ಲು ಒಣಗಿದ್ದು ಹೇಗೆ ಎಂದು ಕೇಳಬೇಕು.

ಅದಕ್ಕೂ ಮೊದಲು, ಏರಿಕೆ ನಿಜವೇ? ಒಂದು ಪಾಲು ಲೆಕ್ಕಕ್ಕೆ ಸಿಗದೆ ಇದ್ದದ್ದು ಈಗ ಸಿಗುತ್ತಿದೆ, ಅಷ್ಟೆ. ಹಿಂದೆ ಗೂರಲು, ದಮ್ಮು, ಶೀತದ ಮೈ ಎಂದು ಹೇಳಿ ಕಷಾಯ ಕೊಟ್ಟು ಮಲಗಿಸುತ್ತಿದ್ದ ಮಗುವನ್ನು ಈಗ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಚೀಟಿಯಲ್ಲಿ ಆಸ್ತಮಾ ಎಂದು ಬರೆಯುತ್ತಾರೆ. ಇನ್ನೊಂದು ಪಾಲು ನಿಜವಾದ ಏರಿಕೆ. ನಮ್ಮ ರಾಜ್ಯದ್ದೇ ಉದಾಹರಣೆ ಕೊಡಬಹುದು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 18 ವರ್ಷದೊಳಗಿನ 20,000 ಮಕ್ಕಳನ್ನು ಆಧರಿಸಿ ಆಸ್ಪತ್ರೆಯ ಮಟ್ಟದಲ್ಲಿ ಮಾಡಿದ ಅಧ್ಯಯನದಲ್ಲಿ 1979ರಲ್ಲಿ ಶೇ 9ರಷ್ಟಿದ್ದ ಆಸ್ತಮಾ 1989ಕ್ಕೆ ಶೇ 18.5, 1999ಕ್ಕೆ ಶೇ 29.5 ಆಗಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಇಡೀ ಊರಿನ ಲೆಕ್ಕವೆಂದು ಓದಬಾರದು. ಆದರೂ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟಾದದ್ದನ್ನು ಬರೀ ಹೆಸರಿಡುವ ವ್ಯತ್ಯಾಸವೆಂದು ಬದಿಗಿಡಲಾಗದು. ವಂಶವಾಹಿಯೂ ಉತ್ತರವಲ್ಲ. ಅಪ್ಪ ಅಮ್ಮನಿಗೆ ಅಲರ್ಜಿ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು ಎಂಬುದು ಸರಿ. ಆದರೆ ಒಂದೆರಡು ತಲೆಮಾರಿನಲ್ಲಿ ಇಡೀ ಸಮಾಜದ ವಂಶವಾಹಿ ಬದಲಾಗುವುದಿಲ್ಲ. ಬದಲಾಗಿದ್ದು ನಾವು ಹುಟ್ಟುವ, ಬೆಳೆಯುವ ರೀತಿ.

ಈ ದಿಕ್ಕಿನಲ್ಲಿ ಮೊದಲ ಸುಳಿವು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. 1958ರ ಮಾರ್ಚಿನ ಒಂದೇ ವಾರ ಹುಟ್ಟಿದ ಹದಿನೇಳು ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆಯನ್ನು ಡೇವಿಡ್ ಸ್ಟ್ರಾಕನ್ ಎಂಬ ವೈದ್ಯ ಸಂಶೋಧಕರು 1989ರಲ್ಲಿ ಪರಿಶೀಲಿಸಿದರು. ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಮಗುವಿಗೆ ಪರಾಗದ ಅಲರ್ಜಿ ಕಡಿಮೆ ಎಂಬುದು ಅವರಿಗೆ ಕಂಡಿತು. ಮನೆ ತುಂಬ ಮಕ್ಕಳಿದ್ದಾಗ ಒಬ್ಬರಿಂದೊಬ್ಬರಿಗೆ ಹರಡುವ ಸಣ್ಣಪುಟ್ಟ ಸೋಂಕುಗಳೇ ಮುಂದೆ ಕಾಯುತ್ತವೆಯೇನೋ ಎಂದು ಅವರು ಊಹಿಸಿದರು. ಅದೇ ವರ್ಷ ಬರ್ಲಿನ್ ಗೋಡೆ ಬಿತ್ತು. ಜರ್ಮನಿಯ ಮಕ್ಕಳ ವೈದ್ಯೆ ಎರಿಕಾ ಫಾನ್ ಮ್ಯೂಟಿಯಸ್ ಪೂರ್ವದ ಲೈಪ್‌ಜಿಗ್, ಹಾಲೆ ಪಟ್ಟಣಗಳ ಮಕ್ಕಳನ್ನು ಪಶ್ಚಿಮದ ಮ್ಯೂನಿಕ್‌ನ ಮಕ್ಕಳ ಜೊತೆ ಹೋಲಿಸಿದರು. ಪೂರ್ವದಲ್ಲಿ ಕಲ್ಲಿದ್ದಲಿನ ಹೊಗೆ ವಿಪರೀತ, ಹಾಗಾಗಿ ಆಸ್ತಮಾ ಅಲ್ಲೇ ಹೆಚ್ಚಿರಬೇಕೆಂದು ಎಲ್ಲರೂ ಎಣಿಸಿದ್ದರು. ಸಿಕ್ಕಿದ್ದು ತದ್ವಿರುದ್ಧ. ಕೆಮ್ಮು, ಬ್ರಾಂಕೈಟಿಸ್ ಪೂರ್ವದಲ್ಲಿ ಹೆಚ್ಚು. ಆಸ್ತಮಾ, ಅಲರ್ಜಿ ಸ್ವಚ್ಛವಾದ ಮ್ಯೂನಿಕ್‌ನಲ್ಲಿ ಹೆಚ್ಚು.

ನಮ್ಮ ಕಡೆಯವರು ಮನಸ್ಸಿಟ್ಟು ಓದಬೇಕಾದದ್ದು ಅಮೆರಿಕದ ಇನ್ನೊಂದು ಅಧ್ಯಯನ. ಆಮಿಶ್ ಮತ್ತು ಹಟ್ಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳು ಅಲ್ಲಿವೆ. ಇಬ್ಬರೂ ಮಧ್ಯ ಯುರೋಪಿನಿಂದ ವಲಸೆ ಹೋದವರು, ವಂಶದಲ್ಲಿ ಹತ್ತಿರದವರು, ಊಟ, ಜೀವನಕ್ರಮ ಬಹುಪಾಲು ಒಂದೇ. ವ್ಯತ್ಯಾಸ ಬೇಸಾಯದಲ್ಲಿ. ಆಮಿಶರದ್ದು ಕುದುರೆ ಕಟ್ಟಿ ಉಳುವ, ಮನೆಗೆ ತಾಗಿಕೊಂಡೇ ಕೊಟ್ಟಿಗೆ ಇರುವ ಬದುಕು. ಹಟ್ಟರೈಟರದ್ದು ಯಂತ್ರಗಳ ದೊಡ್ಡ ಫಾರಂ, ದನಕರು ಮನೆಯಿಂದ ದೂರ. 2016ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಆಮಿಶ್ ಮಕ್ಕಳಲ್ಲಿ ಆಸ್ತಮಾ ಶೇ 5.2, ಹಟ್ಟರೈಟ್ ಮಕ್ಕಳಲ್ಲಿ ಶೇ 21.3. ಆಮಿಶ್ ಮನೆಗಳ ಧೂಳಿನಲ್ಲಿ ಬ್ಯಾಕ್ಟೀರಿಯಾದ ಕೋಶಗೋಡೆಯಿಂದ ಬರುವ ಎಂಡೋಟಾಕ್ಸಿನ್ ಎಂಬ ವಸ್ತು ಹಟ್ಟರೈಟ್ ಮನೆಗಳಿಗಿಂತ ಸುಮಾರು 7 ಪಟ್ಟು ಹೆಚ್ಚಿತ್ತು. ಆ ಧೂಳನ್ನು ಇಲಿಗಳಿಗೆ ಉಸಿರಾಡಿಸಿದಾಗ ಅವುಗಳಿಗೂ ಆಸ್ತಮಾದಿಂದ ರಕ್ಷಣೆ ಸಿಕ್ಕಿತು.

ಹೀಗಾಗುವುದು ಹೇಗೆ? ಐಜಿಇ ಎಂಬ ಪ್ರತಿಕಾಯ ನಮ್ಮ ದೇಹದಲ್ಲಿ ಇರುವುದು ಮುಖ್ಯವಾಗಿ ಹೊಟ್ಟೆಹುಳುವಿನಂಥ ಪರಾವಲಂಬಿಗಳ ವಿರುದ್ಧ ಹೋರಾಡಲು ಎಂದು ವಿಜ್ಞಾನಿಗಳು ನಂಬುತ್ತಾರೆ. ಅದೇ ಐಜಿಇ ಪರಾಗಕ್ಕೋ, ಧೂಳಿಗೋ, ಮೊಟ್ಟೆಗೋ ಹುಟ್ಟಿಕೊಂಡರೆ ಅಲರ್ಜಿ. ಯಾವುದು ಶತ್ರು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಎಂಬುದನ್ನು ರೋಗನಿರೋಧಕ ವ್ಯವಸ್ಥೆ ಹುಟ್ಟಿದ ಮೊದಲ ಒಂದೆರಡು ವರ್ಷದಲ್ಲಿ ಬಹುಮಟ್ಟಿಗೆ ಕಲಿಯುತ್ತದೆ. ಕಲಿಸುವವು ಕರುಳು, ಚರ್ಮ, ಮೂಗಿನಲ್ಲಿ ನೆಲೆಸುವ ಬಗೆಬಗೆಯ ಸೂಕ್ಷ್ಮಜೀವಿಗಳು. ಆ ವೈವಿಧ್ಯ ಕಡಿಮೆಯಾದರೆ ಕಲಿಕೆ ಅರೆಬರೆ.

ಈಗ ಮಲೆನಾಡಿನ ಮನೆಯನ್ನು ನೋಡಿ. ಮೂವತ್ತು ನಲವತ್ತು ವರ್ಷದ ಹಿಂದೆ ಹಿತ್ತಲಿಗೆ ತಾಗಿದಂತೆ ಕೊಟ್ಟಿಗೆ. ಅದರಲ್ಲಿ ಮಲೆನಾಡು ಗಿಡ್ಡ ದನ, ಕಾಲಡಿಗೆ ಸೊಪ್ಪು, ಪಕ್ಕದಲ್ಲೇ ಗೊಬ್ಬರಗುಂಡಿ. ಅಂಗಳಕ್ಕೆ ಸಗಣಿ ಸಾರಣೆ. ತೆವಳುವ ಮಗು ಆ ನೆಲದ ಮೇಲೆಯೇ ತೆವಳುತ್ತಿತ್ತು. ಈಗ ಎಷ್ಟೋ ತೋಟದ ಮನೆಗಳಿಗೂ ಪ್ಯಾಕೆಟ್ ಹಾಲು ಬರುತ್ತದೆ. ಆಳು ಸಿಗದೆ, ಮೇವು ಸಾಲದೆ ಕೊಟ್ಟಿಗೆ ಖಾಲಿಯಾಗಿ ಕಾರು ನಿಲ್ಲಿಸುವ ಜಾಗವಾಗಿದೆ. ಜಾನುವಾರು ಗಣತಿಯ ಪ್ರಕಾರ 2012ರಲ್ಲಿ ರಾಜ್ಯದಲ್ಲಿ ಸುಮಾರು 95 ಲಕ್ಷ ಇದ್ದ ದನಗಳು 2019ಕ್ಕೆ ಸುಮಾರು 85 ಲಕ್ಷಕ್ಕಿಳಿದವು. ಉಳಿದವೂ ಮನೆಮನೆಯಲ್ಲಿಲ್ಲ. ಹಳ್ಳಿಯಲ್ಲಿ ಇದ್ದೂ ಮಣ್ಣು, ಸಗಣಿ ಮುಟ್ಟದೆ ಬೆಳೆಯುವ ಮಕ್ಕಳು ನಮ್ಮಲ್ಲಿ ಈಗ ತುಂಬ ಇದ್ದಾರೆ. ಊರಿನ ಹೆಸರು ಮಲೆನಾಡು ಎಂದಿದ್ದರೂ ಮಗುವಿನ ಕರುಳಿಗೆ ಸಿಗುತ್ತಿರುವುದು ಪಟ್ಟಣದ ಅನುಭವ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವಾದ ಬದಲಾವಣೆ ಇದೇ.

ಇದಕ್ಕೆ ಹೆರಿಗೆಯೂ ಸೇರುತ್ತದೆ. ಸಹಜ ಹೆರಿಗೆಯಲ್ಲಿ ಮಗು ತಾಯಿಯ ಸೂಕ್ಷ್ಮಜೀವಿಗಳನ್ನು ಹೊತ್ತೇ ಹೊರಬರುತ್ತದೆ. ಸಿಸೇರಿಯನ್‌ನಲ್ಲಿ ಆ ಮೊದಲ ಬಳುವಳಿ ತಪ್ಪುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ ಶೇ 23.6, ಐದನೇ ಸುತ್ತಿನಲ್ಲಿ ಶೇ 31.5. ಸಿಸೇರಿಯನ್ ಆದ ಮಕ್ಕಳಲ್ಲಿ ಆಸ್ತಮಾ ಸ್ವಲ್ಪ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಹೆಚ್ಚಳ ದೊಡ್ಡದಲ್ಲ, ಅಗತ್ಯವಿದ್ದಾಗ ಸಿಸೇರಿಯನ್ ಜೀವ ಉಳಿಸುತ್ತದೆ. ಯಾವ ತಾಯಿಯೂ ಇದಕ್ಕಾಗಿ ತನ್ನನ್ನು ದೂಷಿಸಿಕೊಳ್ಳಬಾರದು. ಆ್ಯಂಟಿಬಯೋಟಿಕ್ ವಿಷಯದಲ್ಲಿ ಮಾತ್ರ ನಾನು ಇಷ್ಟು ಮೆದುವಾಗಿ ಮಾತಾಡಲಾರೆ. ಮಗುವಿಗೆ ನೆಗಡಿ ಬಂತೆಂದರೆ ಔಷಧಿ ಅಂಗಡಿಯಿಂದ ನೇರವಾಗಿ ಸಿರಪ್ ತಂದು ಕುಡಿಸುವ ಅಭ್ಯಾಸ ನಮ್ಮ ತಾಲ್ಲೂಕು ಪೇಟೆಗಳಲ್ಲಿ ಬೇರುಬಿಟ್ಟಿದೆ. ನೆಗಡಿಗೆ ಕಾರಣ ವೈರಸ್. ಆ ಸಿರಪ್ ಅದಕ್ಕೆ ತಾಗುವುದಿಲ್ಲ. ತಾಗುವುದು ಕರುಳಿನಲ್ಲಿ ಆಗಷ್ಟೇ ನೆಲೆಗೊಳ್ಳುತ್ತಿರುವ ಜೀವಿಗಳಿಗೆ.

ಇಷ್ಟು ಓದಿದ ಮೇಲೆ ಕೊಳಕೇ ಮದ್ದು ಎಂಬ ತೀರ್ಮಾನಕ್ಕೆ ಯಾರಾದರೂ ಬಂದರೆ ಅದು ಅಪಾಯ. ಬ್ರೆಜಿಲ್, ಪೆರುವಿನಂಥ ದೇಶಗಳ ಬಡ ಬಡಾವಣೆಗಳಲ್ಲಿ ಸೋಂಕು, ಹೊಟ್ಟೆಹುಳು ಎಲ್ಲ ಇದ್ದೂ ಮಕ್ಕಳ ಆಸ್ತಮಾ ಹೆಚ್ಚೇ ಇದೆ. ಅಲ್ಲಿನ ಹಲವು ಮಕ್ಕಳ ಉಬ್ಬಸ ಅಲರ್ಜಿಯದ್ದಲ್ಲ; ಹೊಗೆ, ಇಕ್ಕಟ್ಟು, ಮತ್ತೆ ಮತ್ತೆ ಬರುವ ವೈರಸ್ ಸೋಂಕು ಶ್ವಾಸನಾಳವನ್ನೇ ಹಾಳುಮಾಡಿದ್ದರ ಫಲ. ನಮ್ಮ ತೋಟಗಳಲ್ಲಿ ಕಾರ್ಮಿಕರಿರುವ ಲೈನ್ ಮನೆಗಳಲ್ಲಿ ಬೆಳೆಯುವ ಮಕ್ಕಳನ್ನು ನೋಡುವಾಗ ಈ ಮಾತು ನೆನಪಿರಬೇಕು. ಒಂದೇ ಕೋಣೆ, ಒಳಗೇ ಒಲೆ, ಹೊರಗೆ ಮಳೆ. ಅಲ್ಲಿ ಮಣ್ಣಿಗೆ ಕೊರತೆಯಿಲ್ಲ, ಕೊರತೆ ಗಾಳಿಗೆ. ಹಾಗೆಯೇ ಯುರೋಪಿನ ಕೆಲವು ಅಧ್ಯಯನಗಳಲ್ಲಿ ಕಾಯಿಸದ ಹಾಲು ಕುಡಿಯುವ ರೈತರ ಮಕ್ಕಳಿಗೆ ಅಲರ್ಜಿ ಕಡಿಮೆ ಎಂದು ಕಂಡಿದ್ದರೂ ನಾವು ಹಸಿ ಹಾಲು ಕುಡಿಸಲು ಹೋಗಬಾರದು. ಬ್ರುಸೆಲ್ಲೋಸಿಸ್ ಎಂಬ ಜ್ವರ, ಕ್ಷಯದಂಥ ರೋಗಗಳು ಹಸಿ ಹಾಲಿನಿಂದಲೂ ಬರುತ್ತವೆ.

ಇನ್ನು ಕಿಡಿಗಳ ವಿಷಯ. ಏರಿಕೆಗೆ ಇವು ಮೂಲ ಕಾರಣ ಅಲ್ಲದಿದ್ದರೂ ನರಳಿಸುವುದು ಇವೇ, ಇವುಗಳಲ್ಲಿ ಕೆಲವು ಬಲಗೊಂಡೂ ಇವೆ.

ನಮ್ಮ ಮಳೆಗಾಲದಲ್ಲಿ ಮೊದಲ ಹೆಸರು ನುಸಿ. ತೆಂಗಿನ ನುಸಿ ಗೊತ್ತಿರುವ ಅರಸೀಕೆರೆ, ಚನ್ನರಾಯಪಟ್ಟಣದವರಿಗೆ ಹೇಳುವುದು ಸುಲಭ: ಅದೇ ದೊಡ್ಡ ಗುಂಪಿನ ಬೇರೆ ಜಾತಿಗಳು ನಮ್ಮ ಹಾಸಿಗೆ, ದಿಂಬು, ಸೋಫಾದಲ್ಲಿರುತ್ತವೆ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತವೆ. ಕೆರಳಿಸುವುದು ಮುಖ್ಯವಾಗಿ ಅವುಗಳ ಹಿಕ್ಕೆ. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ತೇವಾಂಶ ಶೇ 50ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಒಣಗಿ ಸಾಯುತ್ತದೆ. ಬಟ್ಟೆಯೇ ವಾರಗಟ್ಟಲೆ ಒಣಗದ ಕೊಪ್ಪ, ಶೃಂಗೇರಿಯಲ್ಲಿ ಅದಕ್ಕೆ ಸುಗ್ಗಿ. ಹಿಂದೆಯೂ ತೇವ ಇತ್ತು. ಆದರೆ ಮಲಗುತ್ತಿದ್ದದ್ದು ಚಾಪೆ, ಕಂಬಳಿಯ ಮೇಲೆ, ಬೆಳಗ್ಗೆ ಎದ್ದರೆ ಸುತ್ತಿ ಇಡುತ್ತಿದ್ದರು, ಬಿಸಿಲು ಬಿದ್ದ ದಿನ ಹೊರಗೆ ಹರಡುತ್ತಿದ್ದರು. ಹೆಂಚಿನ ಮಾಡಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಈಗ ಆರ್‌ಸಿಸಿ ಸೂರು, ಬಿಗಿ ಕಿಟಕಿ, ಎತ್ತಲಾಗದ ದಪ್ಪ ಹಾಸಿಗೆ. ಬಾತ್‌ರೂಮು ಮಲಗುವ ಕೋಣೆಗೇ ತಾಗಿದೆ, ಒಗೆದ ಬಟ್ಟೆ ಒಳಗೇ ನೇತಾಡುತ್ತದೆ. ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಅದರ ಬೀಜಕಣಗಳೂ ಉಬ್ಬಸ ಎಬ್ಬಿಸುತ್ತವೆ. ಬಯಲುಸೀಮೆಗೆ ಒಪ್ಪುವ ಮನೆಯ ನಕ್ಷೆಯನ್ನು ಮಲೆನಾಡಿನ ಮಳೆಗೆ ತಂದು ನಿಲ್ಲಿಸಿದ್ದಕ್ಕೆ ನಮ್ಮ ಮಕ್ಕಳ ಎದೆ ಬೆಲೆ ಕೊಡುತ್ತಿದೆ ಎಂದು ನನಗೆ ಅನಿಸುತ್ತದೆ. ಹಾಸಿಗೆಗೆ ನುಸಿ ತಡೆಯುವ ಕವರ್ ಹಾಕಿದ ಮಾತ್ರಕ್ಕೆ ಆಸ್ತಮಾ ಇಳಿಯುತ್ತದೆ ಎಂಬುದಕ್ಕೆ ಅಧ್ಯಯನಗಳ ಗಟ್ಟಿ ಬೆಂಬಲ ಸಿಕ್ಕಿಲ್ಲ. ಗಾಳಿ, ಬಿಸಿಲು, ಬಿಸಿನೀರಿನ ಒಗೆತ, ಸೋರುವ ಗೋಡೆಯ ದುರಸ್ತಿ ಎಲ್ಲ ಸೇರಿದರೆ ಏನಾದರೂ ಪ್ರಯೋಜನ.

ಹೊಗೆಯ ಲೆಕ್ಕ ಸ್ವಲ್ಪ ಸುಧಾರಿಸಿದೆ. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಹೊತ್ತಿಗೆ ರಾಜ್ಯದ ಸುಮಾರು ಶೇ 80 ಮನೆಗಳಲ್ಲಿ ಅಡುಗೆಗೆ ಗ್ಯಾಸಿನಂಥ ಶುದ್ಧ ಇಂಧನ ಬಂದಿತ್ತು. ಆದರೆ ಸಮೀಕ್ಷೆ ಕೇಳುವುದು ಅಡುಗೆಯನ್ನು, ಬಚ್ಚಲೊಲೆಯನ್ನಲ್ಲ. ಗ್ಯಾಸಿದ್ದ ಮನೆಯಲ್ಲೂ ಸ್ನಾನದ ಹಂಡೆಗೆ ಹಸಿ ಸೌದೆ, ಕಾಫಿ ಕಡ್ಡಿ, ಅಡಿಕೆ ಸಿಪ್ಪೆ ಉರಿಯುತ್ತಲೇ ಇದೆ. ಆ ಹೊಗೆ ಮನೆಯೊಳಗೇ ಸುತ್ತುತ್ತದೆ. ಹೊರಗೆ ಡೀಸೆಲ್ ಹೊಗೆ ಹೆಚ್ಚಿದೆ. ಶಿರಾಡಿ, ಚಾರ್ಮಾಡಿ ಘಾಟಿಯ ಲಾರಿಗಳು, ವಾರಾಂತ್ಯದ ಪ್ರವಾಸಿ ವಾಹನಗಳು. ಡೀಸೆಲ್‌ನ ಸೂಕ್ಷ್ಮ ಕಣಗಳು ಶ್ವಾಸನಾಳವನ್ನು ಕೆಣಕುವುದಷ್ಟೇ ಅಲ್ಲ, ಪರಾಗದ ಜೊತೆ ಸೇರಿದಾಗ ಐಜಿಇ ಉತ್ಪತ್ತಿಯನ್ನೂ ಹೆಚ್ಚಿಸುತ್ತವೆ. ಅಂದರೆ ಕಿಡಿಯೂ ಹೌದು, ಹುಲ್ಲು ಒಣಗಿಸುವುದೂ ಹೌದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎಂಬ ಗಾಳಿಯ ಅತಿ ಸೂಕ್ಷ್ಮ ಕಣಗಳಿಗೆ ವಾರ್ಷಿಕ ಸರಾಸರಿ ಮಿತಿಯನ್ನು ಘನ ಮೀಟರಿಗೆ 5 ಮೈಕ್ರೋಗ್ರಾಂಗೆ ಇಳಿಸಿತು. ನಮ್ಮ ದೇಶದ ಮಿತಿ ಇನ್ನೂ 40.

ಕಾಫಿ ಹೂವಿನ ಮೇಲಿನ ಆರೋಪ ನನಗೆ ಅಷ್ಟಾಗಿ ಒಪ್ಪುವುದಿಲ್ಲ. ಗಾಢ ಪರಿಮಳ ಈಗಾಗಲೇ ಆಸ್ತಮಾ ಇರುವವರಿಗೆ ಕಿರಿಕಿರಿ ಮಾಡಬಹುದು. ಕಾಫಿಯಲ್ಲಿ ನಿಜವಾದ ಅಪಾಯ ಹಸಿರು ಬೀಜದ ಧೂಳು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಸುಲಿಯುವ, ವಿಂಗಡಿಸುವ, ಗೋಣಿಚೀಲ ಕೊಡವುವ ಕೆಲಸದವರಿಗೆ ಈ ಧೂಳಿನಿಂದ ಆಸ್ತಮಾ ಬರುವುದು ಜಗತ್ತಿನ ಹಲವೆಡೆ ದಾಖಲಾಗಿದೆ, ಅದರಲ್ಲಿರುವ ಅಲರ್ಜಿಕಾರಕ ಪ್ರೋಟೀನನ್ನೂ ಗುರುತಿಸಿದ್ದಾರೆ. ಹುರಿದ ಪುಡಿಯಲ್ಲಿ ಆ ಕಾಟ ಬಹಳ ಕಡಿಮೆ. ವರ್ಷಗಟ್ಟಲೆ ಮೂಗಿಗೆ ಸೆರಗು ಕಟ್ಟಿಕೊಂಡು ಬೀಜ ಆರಿಸುವ ಹೆಂಗಸರ ಶ್ವಾಸಕೋಶ ಪರೀಕ್ಷೆ ಮಾಡಿಸುವುದು ಬೆಳೆಗಾರರಿಗೂ ಸಂಸ್ಕರಣಾ ಘಟಕಗಳಿಗೂ ಕಷ್ಟದ ಕೆಲಸವಲ್ಲ.

ಕಾಂಗ್ರೆಸ್ ಗಿಡದ ಮೇಲಿನ ದೂರಿಗೆ ಆಧಾರವಿದೆ. 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಪಾರ್ಥೇನಿಯಂ ಕೆಲವೇ ದಶಕಗಳಲ್ಲಿ ಬಯಲುಸೀಮೆಯ ಬೀಳು ನೆಲವನ್ನೆಲ್ಲ ಆವರಿಸಿತು. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷಿಸಿದವರ ಪೈಕಿ ಶೇ 7 ಮಂದಿ ಇದರ ಪರಾಗದಿಂದ ಮೂಗಿನ ಅಲರ್ಜಿ ಅನುಭವಿಸುತ್ತಿದ್ದರು. ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ 1984ರಲ್ಲೇ ಬಿಟ್ಟರು. ಗಿಡ ಸೊರಗಿತು, ಅಳಿಯಲಿಲ್ಲ. ಹಾಗಿದ್ದೂ ಈ ಗಿಡವೇ ಇಲ್ಲದ ದೇಶಗಳಲ್ಲೂ ಅಲರ್ಜಿ ಏರಿದೆ ಎಂಬುದನ್ನು ಮರೆಯುವಂತಿಲ್ಲ.

ಊಟದ ಬಗ್ಗೆ ಹೆದರಿಕೆ ಅಗತ್ಯಕ್ಕಿಂತ ಹೆಚ್ಚಾಗಿದೆ. ಮೈಸೂರಿನ ಸಂಶೋಧಕರು ಕರ್ನಾಟಕದ ವಯಸ್ಕರಲ್ಲಿ ನಡೆಸಿದ ದೊಡ್ಡ ಅಧ್ಯಯನವೊಂದರಲ್ಲಿ ಶೇ 26.5 ಜನರ ರಕ್ತದಲ್ಲಿ ಯಾವುದಾದರೂ ಆಹಾರಕ್ಕೆ ಐಜಿಇ ಇತ್ತು. ಆದರೆ ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ಅಂದರೆ ಲ್ಯಾಬಿನ ದುಬಾರಿ ಪಟ್ಟಿಯಲ್ಲಿ ಬದನೆಕಾಯಿ, ಹಾಲು, ಕಡಲೆಗೆ ಗುರುತು ಬಂದ ಮಾತ್ರಕ್ಕೆ ಅವನ್ನೆಲ್ಲ ಬಿಡಬೇಕಿಲ್ಲ. ತಿಂದರೆ ಏನಾಗುತ್ತದೆ ಎಂಬುದೇ ಮುಖ್ಯ. ವರದಿ ಹಿಡಿದು ಮಗುವಿನ ತಟ್ಟೆಯಿಂದ ಮೊಟ್ಟೆ, ಹಾಲು, ಬೇಳೆ ಒಂದೊಂದಾಗಿ ತೆಗೆದು ಕೊನೆಗೆ ಮಗು ಸೊರಗುವುದನ್ನು ಕಂಡಾಗ ಸಂಕಟವಾಗುತ್ತದೆ. ದೂರವಿಟ್ಟರೆ ಅಲರ್ಜಿ ಬರುವುದಿಲ್ಲ ಎಂಬ ನಂಬಿಕೆಯನ್ನು 2015ರಲ್ಲಿ ಲಂಡನ್ನಿನ ಪ್ರಯೋಗವೊಂದು ತಲೆಕೆಳಗು ಮಾಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧಕ್ಕೆ ಶೇಂಗಾ ತಿನ್ನಿಸುತ್ತಾ ಬಂದರು, ಅರ್ಧಕ್ಕೆ ಕೊಡಲಿಲ್ಲ. ಐದು ವರ್ಷ ತುಂಬುವಾಗ ತಿನ್ನದವರಲ್ಲಿ ಶೇ 17ಕ್ಕೂ, ತಿಂದವರಲ್ಲಿ ಶೇ 3ಕ್ಕೂ ಶೇಂಗಾ ಅಲರ್ಜಿ ಇತ್ತು. ಆರು ತಿಂಗಳು ದಾಟಿದ ಕೂಸಿಗೆ ಮನೆಯ ಊಟವನ್ನೆಲ್ಲ ಮೆತ್ತಗೆ ಮಾಡಿ ರುಚಿ ತೋರಿಸುತ್ತಿದ್ದ ನಮ್ಮ ಅಜ್ಜಿಯರ ಪದ್ಧತಿ ಈ ವಿಷಯದಲ್ಲಿ ಸರಿಯಾಗಿಯೇ ಇತ್ತು. ಇಡೀ ಕಾಳು ಮಾತ್ರ ಗಂಟಲಿಗೆ ಸಿಕ್ಕುತ್ತದೆ, ಕೊಡಬಾರದು.

ಹಾಗಾದರೆ ಈಗ ಮಾಡುವುದೇನು? ಕಳೆದುಹೋದ ಕೊಟ್ಟಿಗೆಯನ್ನು ಎಲ್ಲರ ಮನೆಗೂ ಮರಳಿ ತರಲಾಗದು. ಆದರೆ ಫಿನ್‌ಲೆಂಡಿನಲ್ಲಿ ಶಿಶುವಿಹಾರಗಳ ಜಲ್ಲಿ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲಿನ ಹಾಸು ತಂದು ಹಾಕಿ ಮಕ್ಕಳನ್ನು ದಿನವೂ ಆಡಲು ಬಿಟ್ಟಾಗ 28 ದಿನಗಳಲ್ಲೇ ಅವರ ಚರ್ಮದ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿ, ರಕ್ತದಲ್ಲಿ ರೋಗನಿರೋಧಕ ಸಮತೋಲನದ ಗುರುತುಗಳು ಸುಧಾರಿಸಿದ್ದು 2020ರಲ್ಲಿ ವರದಿಯಾಯಿತು. ಇದರಿಂದ ಅಲರ್ಜಿ ತಪ್ಪುತ್ತದೆ ಎಂದು ಹೇಳುವಷ್ಟು ಕಾಲ ಇನ್ನೂ ಆಗಿಲ್ಲ. ಕಾಡು ಕೂಗಳತೆಯಲ್ಲೇ ಇರುವ ನಮ್ಮ ಅಂಗನವಾಡಿಗಳ ಅಂಗಳಕ್ಕೆ ಪೂರ್ತಿ ಸಿಮೆಂಟು ಹಾಕಿಸುವ ಮೊದಲು ಪಂಚಾಯಿತಿಗಳು ಇದನ್ನು ಯೋಚಿಸಬಹುದು.

ಆದರೆ ಈಗಾಗಲೇ ಉಬ್ಬಸ ಇರುವ ಮಗುವಿಗೆ ಕಾರಣಗಳ ಚರ್ಚೆಗಿಂತ ಇನ್‌ಹೇಲರ್ ತುರ್ತು. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಸುಮಾರು ಶೇ 13. ಆಸ್ತಮಾ ಸಾವಿನಲ್ಲಿ ನಮ್ಮ ಪಾಲು ಶೇ 40ಕ್ಕೂ ಹೆಚ್ಚು. ರೋಗ ಬರುವುದನ್ನು ತಡೆಯುವುದು ಕಷ್ಟ, ಸಾವನ್ನು ತಡೆಯುವ ಔಷಧಿ ದಶಕಗಳಿಂದ ಇದೆ, ಆದರೂ ಈ ಅಂತರ. ಇನ್‌ಹೇಲರ್ ಹಿಡಿದರೆ ಬಿಡಿಸಲಾಗದ ಚಟವಾಗುತ್ತದೆ, ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬಂದು, ಅಲ್ಲಿಯವರೆಗೆ ತೆಗೆದುಕೊಳ್ಳುತ್ತಿದ್ದ ಔಷಧಿ ನಿಲ್ಲಿಸುವವರೂ ಇದ್ದಾರೆ. ಶ್ವಾಸನಾಳದ ಉರಿಯೂತ ತಗ್ಗಿಸುವುದು ಉಸಿರಿನ ಮೂಲಕ ಒಳಹೋಗುವ ಸ್ಟೀರಾಯ್ಡ್. ಮಾತ್ರೆ, ಸಿರಪ್‌ಗಿಂತ ಎಷ್ಟೋ ಕಡಿಮೆ ಪ್ರಮಾಣ ಸಾಕು, ನೇರವಾಗಿ ಬೇಕಾದಲ್ಲಿಗೇ ತಲುಪುತ್ತದೆ. ದಮ್ಮು ಹತ್ತಿದಾಗ ಮಾತ್ರ ಎಳೆಯುವ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವುದು ಸಾಲದು ಎಂದು 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸ್ಪಷ್ಟವಾಗಿ ಹೇಳುತ್ತಿದೆ. ಫಿನ್‌ಲೆಂಡ್ 1994ರಲ್ಲಿ ದೇಶವ್ಯಾಪಿ ಆಸ್ತಮಾ ಕಾರ್ಯಕ್ರಮ ಶುರುಮಾಡಿ, ಬೇಗ ಗುರುತಿಸಿ ಬೇಗ ಇನ್‌ಹೇಲರ್ ಕೊಡುವುದನ್ನು ಹಳ್ಳಿ ಆಸ್ಪತ್ರೆಗಳಿಗೂ ಕಲಿಸಿತು. ಮುಂದಿನ ಹತ್ತು ವರ್ಷದಲ್ಲಿ ರೋಗಿಗಳ ಸಂಖ್ಯೆ ಏರಿದರೂ ಆಸ್ತಮಾಕ್ಕಾಗಿ ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಅರ್ಧದಷ್ಟಾದವು, ಸಾವು ತಗ್ಗಿತು.

ಇಂಥ ಸ್ಟೀರಾಯ್ಡ್ ಇರುವ ಬುಡೆಸೊನೈಡ್ ಇನ್‌ಹೇಲರ್ ನಮ್ಮ ದೇಶದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಮಳೆಗಾಲ ಶುರುವಾಗುವ ಮೊದಲೇ, ಮೇ ತಿಂಗಳಲ್ಲಿ, ಮಲೆನಾಡಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅದು ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಸಮೇತ ಬಂದಿರಬೇಕು. ಅದನ್ನು ಬಳಸುವ ರೀತಿಯನ್ನು ಆಶಾ ಕಾರ್ಯಕರ್ತೆಯರು ಮನೆಯಲ್ಲೇ ತೋರಿಸಿಕೊಡುವಂತಾಗಬೇಕು. ಊದಿಸಿ ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೀಟರ್ ತಾಲ್ಲೂಕಿಗೊಂದಾದರೂ ಇರಬೇಕು. ಹಾಸನ, ಚಿಕ್ಕಮಗಳೂರು ಜಿಲ್ಲಾಡಳಿತಗಳ ಮುಂದೆ ಇಡಬೇಕಾದ ಬೇಡಿಕೆ ಇದು. ಜಿಲ್ಲಾ ಪಂಚಾಯಿತಿಯ ಆರೋಗ್ಯ ಸಭೆಗಳಲ್ಲಿ ನಾವೆಲ್ಲ ಎದ್ದು ನಿಂತು ಕೇಳಬೇಕು.